ಎಳೆಯುವ ಬಲ (ಲೋಡ್) ಮತ್ತೆ ಮತ್ತೆ ಏರಿಳಿದು ಲೋಹದಲ್ಲಿ ಹುಟ್ಟುವ ಫೆಟೀಗ್ ಬಿರುಕು, ಎಳೆತ ಪೂರ್ತಿ ಇಳಿಯುವ ಮೊದಲೇ ಮುಚ್ಚಿಕೊಳ್ಳುವುದೇಕೆ? ಸಣ್ಣ ಬಿರುಕು ಲೆಕ್ಕಕ್ಕಿಂತ ಬೇಗ ಬೆಳೆಯುವುದೇಕೆ?

ಎರಡಕ್ಕೂ ಉತ್ತರ ಬಿರುಕಿನ ತುದಿಯ ಹಿಂಭಾಗದಲ್ಲಿದೆ. ಪ್ರತಿ ಸಲ ಲೋಡ್ ಏರಿದಾಗ ತುದಿಯ ಲೋಹ ಶಾಶ್ವತವಾಗಿ ಹಿಗ್ಗುತ್ತದೆ. ಬಿರುಕು ಮುಂದೆ ಸಾಗಿದಂತೆ ಆ ಹಿಗ್ಗಿದ ಪದರ ಎರಡೂ ಮೈಗಳ ಮೇಲೆ ಉಳಿಯುವುದರಿಂದ, ಲೋಡ್ ಸೊನ್ನೆಗೆ ಬರುವ ಮೊದಲೇ ಅವು ಒಂದಕ್ಕೊಂದು ತಾಗುತ್ತವೆ. ಮೈಯ ಒರಟುತನ, ತುಕ್ಕಿನ ಪದರ ಕೂಡ ಇದನ್ನೇ ಮಾಡುತ್ತವೆ.

ಮುಚ್ಚಿರುವಾಗ ತುದಿಗೆ ಹೆಚ್ಚು ಹಾನಿಯಿಲ್ಲ. ಆದ್ದರಿಂದ ಬೆಳವಣಿಗೆಯ ಲೆಕ್ಕಕ್ಕೆ ಬಿರುಕು ತೆರೆದುಕೊಳ್ಳುವ ಹಂತದಿಂದ ಗರಿಷ್ಠ ಲೋಡ್‌ವರೆಗಿನ ಭಾಗವನ್ನಷ್ಟೇ ಹಿಡಿಯಬೇಕು. 1970ರ ಸುಮಾರಿಗೆ ಇದನ್ನು ತೋರಿಸಿದ ಸಂಶೋಧಕ ವುಲ್ಫ್ ಎಲ್ಬರ್, 2024-ಟಿ3 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗೆ ಲೋಡ್‌ನ ಒಟ್ಟು ಏರಿಳಿತದಲ್ಲಿ ಆ ಭಾಗದ ಪಾಲು 0.5 + 0.4ಆರ್ ಎಂದರು, ಆರ್ ಎಂದರೆ ಕನಿಷ್ಠ ಲೋಡನ್ನು ಗರಿಷ್ಠದಿಂದ ಭಾಗಿಸಿದ್ದು. ಆರ್ ಸೊನ್ನೆಯಾದರೆ ಅರ್ಧವಷ್ಟೇ ಕೆಲಸ ಮಾಡುತ್ತದೆ. ಬೇರೆ ಲೋಹಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕಬೇಡಿ.

ಹತ್ತಾರು ಮೈಕ್ರಾನ್ ಉದ್ದದ ಬಿರುಕಿನ ಹಿಂದೆ ಅಂಥ ಪದರ ಇನ್ನೂ ಬೆಳೆದಿರುವುದಿಲ್ಲ. ಮುಚ್ಚುವಿಕೆ ಕಡಿಮೆ, ಹಾಗಾಗಿ ಉದ್ದ ಬಿರುಕು ನಿಂತುಬಿಡುವಷ್ಟು ಕಡಿಮೆ ಬಲದಲ್ಲೂ ಅದು ಓಡುತ್ತದೆ. ಆದರೆ ಒಂದೇ ವೇಗದಲ್ಲಲ್ಲ: ಗ್ರೇನ್‌ಗಳ (ಲೋಹದೊಳಗಿನ ಸಣ್ಣ ಹರಳುಗಳ) ಗಡಿಯಲ್ಲಿ ತಡೆಯುತ್ತದೆ, ಕೆಲವು ಅಲ್ಲೇ ನಿಲ್ಲುತ್ತವೆ. ಉದ್ದ ಬಿರುಕಿನ ಮಾಹಿತಿಯನ್ನೇ ಇವಕ್ಕೂ ಬಳಸಿದರೆ ಲೋಹದ ಬಿಡಿಭಾಗದ ಆಯುಷ್ಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಪಾಯ ಇರುವುದು ಇಲ್ಲೇ.