ಬಾರದವರ ಲೆಕ್ಕ

ಪತ್ರ: ಕಳೆದ ಸಂಚಿಕೆಯಲ್ಲಿ ಒಲಿಂಪಿಕ್ಸ್ ಹಾಕಿಯಲ್ಲಿ ಭಾರತಕ್ಕೆ ಎಂಟು ಚಿನ್ನ ಎಂದು ಬರೆದಿದ್ದೀರಿ. 1980ರ ಮಾಸ್ಕೋಗೆ ಬಲಿಷ್ಠ ತಂಡಗಳೇ ಬಂದಿರಲಿಲ್ಲ. ಖಾಲಿ ಅಂಗಳದಲ್ಲಿ ಗೆದ್ದದ್ದನ್ನು ಚಿನ್ನ ಅನ್ನಬಹುದೇ? ಏಳು ಎಂದು ತಿದ್ದಿ. ನಿಜಕ್ಕೂ ಹೊಟ್ಟೆ ಉರಿಸಿದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಕೈತಪ್ಪಿದ ಕಂಚು.
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ವಾದ ಮಾತ್ರ ಅಷ್ಟು ದುಂಡಗಿಲ್ಲ.

ನಿಮಗೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಅಮೆರಿಕ ಕರೆ ಕೊಟ್ಟ ಬಹಿಷ್ಕಾರದಿಂದ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ಮಾಸ್ಕೋದ ಹಾಕಿಗೆ ಬರಲಿಲ್ಲ. ಹಿಂದಿನ ಸಲದ ಚಿನ್ನದೊಡೆಯ ನ್ಯೂಜಿಲೆಂಡ್ ಕೂಡ ಬರಲಿಲ್ಲ. ಉಳಿದದ್ದು ಆರೇ ತಂಡ. ತಾಂಜಾನಿಯಾ ಮೇಲೆ 18-0, ಕ್ಯೂಬಾ ಮೇಲೆ 13-0. ಇಷ್ಟಕ್ಕೆ ನಿಮ್ಮ ಪಾಲು ಮುಗಿಯಿತು.

ಅದೇ ತಂಡ ಪೋಲೆಂಡ್ ಜೊತೆ 2-2, ಸ್ಪೇನ್ ಜೊತೆ 2-2 ಎಂದು ಬೆವರಿದ್ದನ್ನು ಯಾಕೆ ಬಿಟ್ಟಿರಿ? ಫೈನಲ್‌ನಲ್ಲಿ ಮತ್ತೆ ಸ್ಪೇನ್. 3-0 ಮುಂದಿದ್ದ ನಮ್ಮವರ ಬೆನ್ನಿಗೇ ಬಿದ್ದ ಸ್ಪೇನ್ ಎರಡು ಗೋಲು ತೀರಿಸಿತು. ಆಗ ಮೊಹಮ್ಮದ್ ಶಾಹಿದ್ ನಾಲ್ಕನೆಯದು ಹೊಡೆಯದಿದ್ದರೆ ಏನಾಗುತ್ತಿತ್ತೋ! ಕೊನೆಗೆ 4-3. ಭಾಸ್ಕರನ್ ನಾಯಕ, ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ತಂಡದಲ್ಲಿ. ನಾಲ್ಕೇ ವರ್ಷದ ಹಿಂದೆ ಮಾಂಟ್ರಿಯಲ್‌ನ ಕೃತಕ ಹುಲ್ಲಿನ ಮೇಲೆ ಏಳನೇ ಸ್ಥಾನಕ್ಕೆ ಜಾರಿದ್ದವರು ನಾವು. ಇಲ್ಲ ಮೇಷ್ಟ್ರೇ, ತಿದ್ದುಪಡಿ ಹಾಕುವುದಿಲ್ಲ.

ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದ್ದೀರಲ್ಲ? ಹಲಗೆ ಬಡಿಯುತ್ತಿರುತ್ತದೆ, ಪೈಲ್ವಾನ ಕೆಮ್ಮಣ್ಣು ಮೈಗೆ ಹಚ್ಚಿ ತೊಡೆ ತಟ್ಟಿ ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಊರಿನ ಗೌಡರು ಬೇಡವೆಂದರು ಅಂತ ಮತ್ತೊಂದು ಗರಡಿಯವನು ಮನೆಯಲ್ಲೇ ಕೂತರೆ, ಬಂದವರನ್ನೆಲ್ಲ ಚಿತ್ ಮಾಡಿದವನ ಬೆಳ್ಳಿ ಕಡಗ ಕಸಿದುಕೊಳ್ಳುತ್ತೀರಾ?

ಈಗ ಉಷಾ ವಿಷಯ. ಇಲ್ಲಿ ನೀವೇ ಸಿಕ್ಕಿಬಿದ್ದಿರಿ. ಆ ಸಲ ಬಹಿಷ್ಕರಿಸಿ ಲಾಸ್ ಏಂಜಲೀಸ್‌ಗೆ ಬಾರದವರು ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮತ್ತು ಅವರ ಗೆಳೆಯರು. ಆ ಜೂನ್‌ನಲ್ಲೇ 400 ಮೀಟರ್ ಹರ್ಡಲ್ಸ್‌ನಲ್ಲಿ 53.58 ಸೆಕೆಂಡಿನ ವಿಶ್ವದಾಖಲೆ ಬರೆದಿದ್ದ ಮಾರ್ಗರೀಟಾ ಪೊನೊಮರ್ಯೋವಾ ಸೋವಿಯತ್ ಓಟಗಾರ್ತಿ. ಅಲ್ಲಿ ಚಿನ್ನ ಗೆದ್ದ ಮೊರಾಕ್ಕೊದ ನವಾಲ್ ಓಡಿದ್ದು 54.61. ನಿಮ್ಮ ತಕ್ಕಡಿಯಲ್ಲೇ ತೂಗಿದರೆ ಉಷಾ ನಾಲ್ಕನೇ ಸ್ಥಾನವನ್ನೂ ಹಿಂದಕ್ಕೆ ತಳ್ಳಬೇಕಾಗುತ್ತದೆ. ತಳ್ಳುತ್ತೀರಾ? ನಿಮಗೂ ಮನಸ್ಸು ಬರುವುದಿಲ್ಲ, ನನಗಂತೂ ಬರುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಉಷಾ 55.42, ಕಂಚು ಒಯ್ದಾಕೆ 55.41. ಆಕೆ ರುಮೇನಿಯಾದವಳು. ಸೋವಿಯತ್ ಬಣದಲ್ಲಿದ್ದೂ ಮಾಸ್ಕೋದ ಮಾತು ಮೀರಿ ಬಂದ ದೇಶ ಅದು. ರುಮೇನಿಯಾ ವಿಧೇಯವಾಗಿ ಮನೆಯಲ್ಲಿದ್ದಿದ್ದರೆ ಕಂಚು ಉಷಾ ಊರು ಪಯ್ಯೋಳಿಗೆ ಬರುತ್ತಿತ್ತು. ಆಗ ಅದು ಕಂಚೇ ಅಲ್ಲವೆಂದು ನನಗೆ ಪತ್ರ ಬರೆಯುತ್ತಿದ್ದಿರೋ ಏನೋ!

ಬಹಿಷ್ಕಾರವೆಲ್ಲ ಕೆಟ್ಟದ್ದು ಎನ್ನುತ್ತಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿಯೂ ವರ್ಣಭೇದದ ದಕ್ಷಿಣ ಆಫ್ರಿಕಾ ಎದುರು ಆಡೆವು ಎಂದು ನಾವು ಕಪ್ಪನ್ನೇ ಬಿಟ್ಟುಕೊಟ್ಟೆವು. ಅದಕ್ಕೆ ತಲೆಬಾಗುತ್ತೇನೆ. ಆದರೆ ಅಲ್ಲಿಯೂ ತೆತ್ತದ್ದು ಅಮೃತರಾಜ್ ಸಹೋದರರ ತೋಳಿನ ವರ್ಷಗಳು, ಯಾವ ಮಂತ್ರಿಯ ಖಾತೆಯೂ ಅಲ್ಲ. ಅಮೆರಿಕದ ಎಡ್ವಿನ್ ಮೋಸೆಸ್‌ನನ್ನು ನೋಡಿ. 1980ರ ಜುಲೈಯಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ 47.13ರ ವಿಶ್ವದಾಖಲೆ. ಅದೇ ತಿಂಗಳು ಮಾಸ್ಕೋದಲ್ಲಿ ಚಿನ್ನ ಸಿಕ್ಕಿದ್ದು 48.70ಕ್ಕೆ. ಅವನು ಮನೆಯಲ್ಲಿ ಕೂತಿದ್ದ. ಅಧ್ಯಕ್ಷ ಕಾರ್ಟರ್ ರಷ್ಯಾಗೆ ಧಾನ್ಯ ಮಾರುವುದನ್ನೂ ತಡೆದಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಹೊಸ ಅಧ್ಯಕ್ಷ ರೇಗನ್ ಆ ತಡೆ ತೆಗೆದರು, ಗೋಧಿ ಹಡಗು ಹತ್ತಿತು. ಸೋವಿಯತ್ ಸೇನೆ ಕಾಬೂಲು ಬಿಟ್ಟದ್ದು 1989ಕ್ಕೆ. ವ್ಯಾಪಾರಕ್ಕೆ ಒಂದೂವರೆ ವರ್ಷವೂ ತಡೆಯಲಾಗದವರು ಓಟಗಾರನಿಂದ ಜೀವಮಾನದ ತ್ಯಾಗ ಕೇಳುತ್ತಾರೆ. ನನ್ನ ಸಿಟ್ಟು ಇಷ್ಟೇ.

ದೂರದ ಮಾಸ್ಕೋ ಬೇಡ ಬಿಡಿ. ನಮ್ಮ ಊರಿನ ಮೈದಾನವೊಂದರಲ್ಲಿ ಸಮಾವೇಶ ಮುಗಿದ ಮರುದಿನ ಬೆಳಿಗ್ಗೆ ಹೋಗಿ ನೋಡಿ. ಪೆಂಡಾಲಿನ ಗೂಟ ಕಿತ್ತ ಗುಂಡಿಗಳು ಸಾಲುಸಾಲಾಗಿ ಟ್ರ್ಯಾಕ್ ಮೇಲೇ. ನೀರಿನ ಪ್ಯಾಕೆಟ್ಟು, ಪಲಾವಿನ ತಟ್ಟೆ. ಲಾಂಗ್‌ಜಂಪ್‌ನ ಮರಳಲ್ಲಿ ಜೆಸಿಬಿಯ ಗಾಲಿ ಗುರುತು. ಹುಡುಗಿಯರು ಶೂ ಕೈಯಲ್ಲಿ ಹಿಡಿದು ಗುಂಡಿ ಮುಚ್ಚುತ್ತಿರುತ್ತಾರೆ, ಕೋಚ್ ಮಣ್ಣು ತುಳಿಯುತ್ತಿರುತ್ತಾರೆ. ಎಲ್ಲ ಪಕ್ಷದವರೂ ಒಂದೇ, ಇದರಲ್ಲಿ ಭೇದವಿಲ್ಲ. ಬಾಡಿಗೆ ಕಟ್ಟಿದ್ದೇವೆ ಎನ್ನುತ್ತಾರೆ. ಜಿಲ್ಲಾ ಕ್ರೀಡಾಕೂಟ ಮುಂದಕ್ಕೆ ಹೋಗುತ್ತದೆ.

ಹೊಳಲ್ಕೆರೆಯಲ್ಲೂ ಇದೇ ಪಾಡು ಇರಬಹುದು. ಫೋಟೊ ಇದ್ದರೆ ಕಳಿಸಿ, ಮುಂದಿನ ಸಂಚಿಕೆಯ ಒಳಪುಟವೊಂದನ್ನು ಅದಕ್ಕೇ ಇಟ್ಟಿರುತ್ತೇನೆ. ಮೈದಾನದ ಹೆಸರು, ಸಮಾವೇಶದ ತಾರೀಖು ಎರಡನ್ನೂ ಬಿಡದೆ ಬರೆಯಿರಿ.
– ಸಂ.