ಎರಡನೆಯ ಕೊಂಡಿ: ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಮಿತ್ರರೇ,

ಅಸ್ಸಲಾಮು ಅಲೈಕುಂ.

ನಿಮ್ಮ ‘ಸಮುದಾಯದ ವಿಶ್ವಸ್ತ’ ಲೇಖನ ಕೈಸೇರಿ ಹನ್ನೆರಡು ದಿನಗಳಾದವು. ‘ಸಮುದಾಯದ ವಿಶ್ವಸ್ತ’ ಎಂದು ಹೆಸರಾದ ಪ್ರವಾದಿ ಸಂಗಾತಿ ಅಬೂ ಉಬೈದಾ ಇಬ್ನುಲ್ ಜರ್ರಾಹ್(ರ) ಅವರ ಬದುಕಿನ ಬಗ್ಗೆ ಹದಿನಾರು ಪುಟ. ಮೂರು ಸಲ ಓದಿದೆ. ಮೊದಲ ಸಲ ಓದಿ ಮುಗಿಸಿದಾಗ ಸಿಟ್ಟು ಬಂತು. ಸಿಟ್ಟಿನಲ್ಲಿ ಪತ್ರ ಬರೆಯಬಾರದೆಂದು ಎತ್ತಿಟ್ಟೆ. ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಆದರೆ ಅದು ಬಂದದ್ದು ಯಾವ ಸಾಲುಗಳಿಂದ ಎಂಬುದು ಗೊತ್ತಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೆಚ್ಚಿದ್ದನ್ನು ಮೊದಲು ಹೇಳುತ್ತೇನೆ. ಕಾಗುಣಿತ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ಹಿಜರಿ 8ರಲ್ಲಿ ಅವರ ನಾಯಕತ್ವದಲ್ಲಿ ಕಡಲ ತೀರಕ್ಕೆ ಹೋದ 300 ಜನರ ಪುಟ ನಿಜಕ್ಕೂ ಚೆನ್ನಾಗಿದೆ. ಬುತ್ತಿ ತೀರುತ್ತಾ ಬಂದಾಗ ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಖರ್ಜೂರ, ಅದನ್ನು ಮಗುವಿನಂತೆ ಚೀಪಿ ಮೇಲೆ ನೀರು ಕುಡಿಯುವುದು, ಕೋಲಿನಿಂದ ಎಲೆ ಬಡಿದು ಉದುರಿಸಿ ನೆನೆಸಿ ತಿನ್ನುವುದು. ‘ಒಂದು ಖರ್ಜೂರದಿಂದ ಏನಾಗುತ್ತಿತ್ತು?’ ಎಂದು ಮುಂದೆ ಯಾರೋ ಕೇಳಿದಾಗ ‘ಅದೂ ಮುಗಿದ ದಿನ ಅದರ ಬೆಲೆ ತಿಳಿಯಿತು’ ಎಂಬ ಉತ್ತರ. ಅಲ್ಲಿ ನೀವು ಒಂದೇ ಒಂದು ವಿಶೇಷಣವನ್ನೂ ಬಳಸಿಲ್ಲ. ಈ ಪುಟ ಬರೆದ ಕೈಯೇ ನಾಲ್ಕನೆಯ ಪುಟವನ್ನೂ ಬರೆದಿದೆ ಎಂಬುದು ನನಗೆ ಅರ್ಥವಾಗದ ಸಂಗತಿ.

ನಾಲ್ಕನೆಯ ಪುಟದ ವಾಕ್ಯವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ: ‘ಉಹುದ್ ರಣರಂಗದಲ್ಲಿ ಪ್ರವಾದಿವರ್ಯರ(ಸ) ಮೇಲಿನ ಅನನ್ಯ, ಅಚಲ, ಅಪಾರ ಪ್ರೇಮದಿಂದ ಪ್ರೇರಿತರಾದ ಅಬೂ ಉಬೈದಾರು ತಮ್ಮ ಎರಡು ದಂತಗಳನ್ನು ತ್ಯಾಗ ಮಾಡಿ ಇತಿಹಾಸದಲ್ಲಿ ಅಜರಾಮರರಾದರು.’

ಒಂದೇ ವಾಕ್ಯ. ಇಷ್ಟಕ್ಕೆ ಮುಗಿಸಿ ಮುಂದಿನ ಪ್ಯಾರಾದಲ್ಲಿ ಇನ್ನೊಂದು ವಿಷಯಕ್ಕೆ ಹೋಗಿದ್ದೀರಿ. ಏನು ನಡೆಯಿತೆಂದು ಓದುಗನಿಗೆ ಗೊತ್ತಾಯಿತೇ? ಹಲ್ಲು ಹೇಗೆ ಹೋಯಿತು? ಶತ್ರು ಹೊಡೆದನೇ, ಕಲ್ಲು ಬಿತ್ತೇ? ಮೊದಲೇ ತಿಳಿದವನಿಗೆ ಮಾತ್ರ ಈ ವಾಕ್ಯ ತಿಳಿಯುತ್ತದೆ. ತಿಳಿಯದವನ ಕೈಗೆ ಮೂರು ವಿಶೇಷಣಗಳು ಸಿಗುತ್ತವೆ.

ನಡೆದದ್ದು ಇದು. ಶತ್ರುವಿನ ಏಟಿಗೆ ಪ್ರವಾದಿಯವರ(ಸ) ಶಿರಸ್ತ್ರಾಣದ ಸರಪಳಿಯ ಎರಡು ಕೊಂಡಿಗಳು ಅವರ ಕೆನ್ನೆಯೊಳಗೆ ಹೂತುಹೋಗಿದ್ದವು. ಅಬೂಬಕರ್(ರ) ಓಡಿ ಬಂದು ತೆಗೆಯಲು ಕೈ ಚಾಚಿದರು. ಅಬೂ ಉಬೈದಾ ಅವರನ್ನು ತಡೆದು, ‘ಅಲ್ಲಾಹನ ಹೆಸರಿನಲ್ಲಿ ಬೇಡುತ್ತೇನೆ, ಇದನ್ನು ನನಗೆ ಬಿಡಿ’ ಎಂದರು. ಕೈಯಿಂದ ಎಳೆದರೆ ನೋವಾಗುತ್ತದೆಂಬ ಭಯ. ಬಾಗಿ, ಕೊಂಡಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಹಿಡಿದು, ನಿಧಾನವಾಗಿ ಎಳೆದರು. ಕೊಂಡಿ ಹೊರಬಂತು, ಜೊತೆಗೆ ಹಲ್ಲೂ ಕಿತ್ತು ಬಂತು. ಎರಡನೆಯದನ್ನಾದರೂ ತಾನು ತೆಗೆಯೋಣವೆಂದು ಅಬೂಬಕರ್ ಮುಂದಾದರು. ಅಬೂ ಉಬೈದಾ ಮತ್ತೆ ಅದೇ ಮಾತನ್ನು ಹೇಳಿ ಬೇಡಿಕೊಂಡರು. ಮತ್ತೆ ಕಚ್ಚಿದರು. ಎರಡನೆಯ ಹಲ್ಲೂ ಹೋಯಿತು.

ಈಗ ನಿಮ್ಮ ವಾಕ್ಯಕ್ಕೆ ಮರಳೋಣ. ‘ರಣರಂಗದಲ್ಲಿ’: ಆ ಕ್ಷಣದಲ್ಲಿ ಅಲ್ಲಿ ರಣವಿಲ್ಲ. ಒಬ್ಬರ ಗಾಯದ ಮೇಲೆ ಇನ್ನೊಬ್ಬರು ಬಾಗಿದ್ದಾರೆ, ಮೂರನೆಯವರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ. ‘ದಂತಗಳನ್ನು’: ದಂತ ಆನೆಗೆ ಇರಲಿ, ಮನುಷ್ಯನಿಗೆ ಇರುವುದು ಹಲ್ಲು. ರಕ್ತ ಬರುವುದು ಹಲ್ಲು ಕಿತ್ತಾಗ. ‘ತ್ಯಾಗ ಮಾಡಿ’: ನನ್ನ ದೊಡ್ಡ ತಕರಾರು ಇರುವುದು ಈ ಮಾತಿನ ಮೇಲೆ. ಅವರು ಹಲ್ಲು ಕೊಡಲು ಹೊರಟವರಲ್ಲ. ಗಾಯಗೊಂಡವರಿಗೆ ನೋವಾಗದಂತೆ ಕಬ್ಬಿಣ ತೆಗೆಯಲು ಹೊರಟವರು. ಜೋರಾಗಿ ಒಮ್ಮೆಲೇ ಎಳೆದಿದ್ದರೆ ಕೊಂಡಿ ಬೇಗ ಬರುತ್ತಿತ್ತೋ ಏನೋ, ಆದರೆ ಕೆನ್ನೆ ಹರಿಯುತ್ತಿತ್ತು. ನಿಧಾನವಾಗಿ ಎಳೆದದ್ದರಿಂದ ಭಾರವೆಲ್ಲ ಹಲ್ಲಿನ ಬೇರಿನ ಮೇಲೆ ಬಿತ್ತು. ಅದನ್ನು ‘ತ್ಯಾಗ’ ಎಂಬ ಸಿದ್ಧ ಪದದೊಳಗೆ ತುರುಕಿದ ಕೂಡಲೇ ಆ ನಿಧಾನ ಕಾಣೆಯಾಗುತ್ತದೆ.

ಇನ್ನೊಂದು ಮಾತು. ‘ಎರಡು’ ಎಂದು ಒಟ್ಟಿಗೆ ಎಣಿಸಿದ್ದೀರಿ. ಒಟ್ಟಿಗೆ ಎಣಿಸಬೇಡಿ, ದಯವಿಟ್ಟು. ಮೊದಲ ಕೊಂಡಿಗೆ ಬಾಯಿ ಹಾಕಿದಾಗ ಹಲ್ಲು ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಎರಡನೆಯದಕ್ಕೆ ಬಾಗುವಾಗ ಗೊತ್ತಿತ್ತು. ಬಾಯಲ್ಲಿ ರಕ್ತದ ರುಚಿ ಇತ್ತು. ಸಹಾಯಕ್ಕೆ ಇನ್ನೊಬ್ಬರು ಕೈ ಚಾಚಿ ನಿಂತಿದ್ದರು, ಹಿಂದೆ ಸರಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಮತ್ತೆ ಬೇಡಿ ಪಡೆದುಕೊಂಡರು. ನೀವು ಹದಿನಾರು ಪುಟಗಳಲ್ಲಿ ‘ಈಮಾನ್’ (ವಿಶ್ವಾಸ) ಎಂಬ ಪದವನ್ನು 31 ಸಲ ಬರೆದಿದ್ದೀರಿ. ಆ ಪದದ ಅಗತ್ಯವೇ ಇಲ್ಲದೆ ಅದು ಕಣ್ಣಿಗೆ ಕಾಣುವ ಜಾಗ ಇದು, ಮೊದಲ ಕೊಂಡಿಗೂ ಎರಡನೆಯ ಕೊಂಡಿಗೂ ನಡುವಿನ ಜಾಗ. ಅದನ್ನೇ ನೀವು ದಾಟಿ ಹೋಗಿದ್ದೀರಿ.

ಮತ್ತೆ, ಆ ಹಲ್ಲಿಲ್ಲದ ಬಾಯಿ ಎಲ್ಲಿ? ಮುಂದಿನ ಹಲ್ಲು ಹೋದವರಲ್ಲಿ ಅಬೂ ಉಬೈದಾರಷ್ಟು ಚೆಂದ ಕಾಣುವವರು ಇನ್ನೊಬ್ಬರಿಲ್ಲ ಎಂದು ಆ ಕಾಲದವರು ಹೇಳುತ್ತಿದ್ದರಂತೆ. ಎಷ್ಟು ಪ್ರೀತಿಯ ಮಾತು! ಉಹುದ್ ನಡೆದದ್ದು 625ರಲ್ಲಿ, ಅವರು ತೀರಿಕೊಂಡದ್ದು 639ರಲ್ಲಿ. ಹದಿನಾಲ್ಕು ವರ್ಷ ಅದೇ ಬಾಯಿಯಿಂದ ನಮಾಜಿಗೆ ನೇತೃತ್ವ ಕೊಟ್ಟರು, ಸೈನ್ಯಕ್ಕೆ ಆಜ್ಞೆ ಕೊಟ್ಟರು. ನಿಮ್ಮ ಐದನೆಯ ಪುಟದಿಂದ ಅವರು ಮತ್ತೆ ‘ತೇಜಃಪುಂಜ ಮುಖದ’ ವೀರರಾಗಿಬಿಟ್ಟಿದ್ದಾರೆ.

ಇದು ಗೌರವದಿಂದ ಆಗುವ ತಪ್ಪು ಎಂದು ನನಗೆ ಗೊತ್ತು, ಏಕೆಂದರೆ ನಾನೂ ಮಾಡಿದ್ದೇನೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕರಾವಳಿಯ ಒಂದು ವಾರಪತ್ರಿಕೆಗೆ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಆಗಿನ್ನೂ ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ. ಊರಿನ ಮದರಸದಲ್ಲಿ ನಲವತ್ತು ವರ್ಷ ಕಲಿಸಿದ ಉಸ್ತಾದರೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹೆಸರಿಲ್ಲದೆ ಅಚ್ಚಾಗುವ ಇನ್ನೂರು ಪದಗಳು, ಆದರೂ ರಾತ್ರಿಯೆಲ್ಲ ಕೂತು ಬರೆದೆ. ‘ಸುಮಧುರ ವಾಣಿಯ ಗುರುಗಳು’ ಎಂದು ಆರಂಭ.

ಸಂಪಾದಕರು ಓದಿ, ‘ಅವರಿಗೆ ಉಗ್ಗು ಇತ್ತಲ್ಲ, ಅದು ಎಲ್ಲಿ?’ ಎಂದು ಕೇಳಿದರು.

ಸತ್ತವರ ಬಗ್ಗೆ ಅದನ್ನು ಬರೆದರೆ ಅಗೌರವವಾಗುತ್ತದೆ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನನಗೆ ಅಲಿಫ್, ಬಾ ಕಲಿಸಿದ್ದು ಅವರೇ. ಒಂದು ಬಾ ಅವರ ತುಟಿಯಿಂದ ಹೊರಡುವಷ್ಟರಲ್ಲಿ ನಾವು ಹುಡುಗರು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಕುರ್‌ಆನ್ ಓದಲು ಕುಳಿತರೆ ಮಾತ್ರ ಒಂದಕ್ಷರವೂ ತಡವರಿಸುತ್ತಿರಲಿಲ್ಲ. ನಮ್ಮ ನಾಲಿಗೆ ಹೊರಳದಿದ್ದಾಗ ಅವರು ಒಮ್ಮೆಯೂ ಬೆತ್ತ ಎತ್ತಲಿಲ್ಲ, ಹೊರಳದ ನಾಲಿಗೆ ಏನೆಂದು ಅವರಿಗೆ ಗೊತ್ತಿತ್ತು. ಅದನ್ನು ತೆಗೆದುಹಾಕಿದ ಮೇಲೆ ನೀನು ಬರೆದದ್ದು ಯಾರ ಬಗ್ಗೆ?’

ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವರು ಕಾಯುತ್ತಿದ್ದರು. ಅವರ ಪಕ್ಕದಲ್ಲಿ ನಿಂತುಕೊಂಡೇ ಹೊಸದಾಗಿ ಬರೆದುಕೊಟ್ಟೆ. ಪತ್ರಿಕೆ ಹೊರಬಂದ ಶುಕ್ರವಾರ, ಜುಮಾ ಮುಗಿದ ಮೇಲೆ ಉಸ್ತಾದರ ಮಗ ಕಚೇರಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದೇ ತಿಳಿದೆ. ಅವರು ಹತ್ತು ಪ್ರತಿ ಕೇಳಿ, ದುಡ್ಡು ಕೊಟ್ಟು, ಏನೂ ಮಾತಾಡದೆ ಹೋದರು. ಆ ಸಂಪಾದಕರು ಈಗಿಲ್ಲ. ಕರಡಿನಲ್ಲಿ ‘ಸುಮಧುರ’ ಎಂಬ ಪದ ಎದುರಾದಾಗಲೆಲ್ಲ ಅವರ ಕನ್ನಡಕ ಮೇಜಿನ ಮೇಲೆ ಕುಳಿತ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಯರ್ಮೂಕ್ ಯುದ್ಧದ ನಾಲ್ಕು ಪುಟಗಳ ಬಗ್ಗೆ, ಖಾಲಿದ್ ಇಬ್ನುಲ್ ವಲೀದ್(ರ) ಅವರ ಪದಚ್ಯುತಿಯ ಬಗ್ಗೆ ಈ ಪತ್ರದಲ್ಲಿ ಏನೂ ಹೇಳುವುದಿಲ್ಲ. ನನ್ನನ್ನು ನಿಜವಾಗಿ ಕೆಣಕಿದ್ದು ಹದಿಮೂರನೆಯ ಪುಟ.

‘ಪ್ಲೇಗ್ ಹರಡಿದ ಸುದ್ದಿ ತಿಳಿದು ಖಲೀಫ ಉಮರ್(ರ) ಮದೀನಕ್ಕೆ ಮರಳಿದರು. ಆದರೆ ನಿರ್ಭೀತರಾದ ಅಬೂ ಉಬೈದಾರು ಮರಣಕ್ಕೆ ಅಂಜದೆ ಸಿರಿಯಾದಲ್ಲೇ ಉಳಿದರು.’

ಈ ‘ಆದರೆ’ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ, ನೋಡಿ. ಮೂರಕ್ಷರದ ಆ ಪದ ಉಮರ್ ಅವರನ್ನು ಅಂಜುಬುರುಕರನ್ನಾಗಿ ಮಾಡಿತು. ನೀವು ಹಾಗೆ ಉದ್ದೇಶಿಸಿರಲಿಕ್ಕಿಲ್ಲ. ಆದರೆ ಓದುಗನಿಗೆ ಸಿಗುವುದು ವಾಕ್ಯ ಮಾತ್ರ, ಉದ್ದೇಶ ಸಿಗುವುದಿಲ್ಲ. ಜೊತೆಗಿಟ್ಟ ಪತ್ರದಲ್ಲಿ ಕಾರಣವನ್ನೂ ತಿಳಿಸಿದ್ದೀರಿ: ‘ಸರ್ಗ್‌ನ ಸಂವಾದವನ್ನು ಬೇಕೆಂದೇ ಬಿಟ್ಟಿದ್ದೇನೆ, ಅದರಲ್ಲಿ ಅಬೂ ಉಬೈದಾರ ವಾದ ಸೋತಂತೆ ಕಾಣುತ್ತದೆ, ಓದುಗರಿಗೆ ಗೊಂದಲವಾದೀತು.’

ಮಿತ್ರರೇ, ಅವರ ಬದುಕಿನ ಹೃದಯವನ್ನೇ ಗೊಂದಲವೆಂದು ಕತ್ತರಿಸಿದ್ದೀರಿ.

ಹಿಜಾಝ್ ಮತ್ತು ಸಿರಿಯಾದ ಗಡಿಯ ಸರ್ಗ್ ಎಂಬಲ್ಲಿ ಅಬೂ ಉಬೈದಾ ಮತ್ತು ಇತರ ಸೇನಾಪತಿಗಳು ಬಂದು ಉಮರ್ ಅವರನ್ನು ಕಂಡು ರೋಗದ ವಿಷಯ ತಿಳಿಸಿದರು. ಉಮರ್ ಮುಹಾಜಿರರನ್ನು, ಅಂದರೆ ಮಕ್ಕಾದಿಂದ ವಲಸೆ ಬಂದವರನ್ನು, ಕರೆಸಿ ಕೇಳಿದರು, ಒಮ್ಮತವಿಲ್ಲ. ಅವರಿಗೆ ಆಸರೆ ಕೊಟ್ಟ ಮದೀನದ ಅನ್ಸಾರರನ್ನು ಕೇಳಿದರು, ಅಲ್ಲೂ ಇಲ್ಲ. ಮಕ್ಕಾದ ಕುರೈಷ್ ಬುಡಕಟ್ಟಿನ ಹಿರಿಯರು ಒಂದೇ ದನಿಯಲ್ಲಿ ಮರಳಿ ಹೋಗೋಣ ಎಂದರು. ಬೆಳಿಗ್ಗೆ ಹೊರಡುವುದೆಂದು ಉಮರ್ ಸಾರಿದರು. ಆಗ ಅಬೂ ಉಬೈದಾ ಕೇಳಿದರು: ‘ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ?’

ಉಮರ್ ಅವರಿಗೆ ಇವರ ಮಾತನ್ನು ತಳ್ಳಿಹಾಕಲು ಇಷ್ಟವಿರಲಿಲ್ಲ. ‘ಅಬೂ ಉಬೈದಾ, ಈ ಮಾತನ್ನು ನೀವಲ್ಲದೆ ಬೇರೆ ಯಾರಾದರೂ ಹೇಳಿದ್ದರೆ!’ ಎಂದರು. ‘ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಓಡುತ್ತಿದ್ದೇವೆ’ ಎಂದರು. ನಿಮ್ಮ ಒಂಟೆಗಳು ಒಂದು ಕಣಿವೆಗೆ ಇಳಿದವು ಎಂದುಕೊಳ್ಳಿ, ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಹಸಿರಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿ, ಬರಡಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ ಅಲ್ಲವೇ? ಅಷ್ಟರಲ್ಲಿ, ಯಾವುದೋ ಕೆಲಸಕ್ಕೆ ಹೋಗಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ರವಾದಿಯವರ(ಸ) ಬಾಯಿಂದ ತಾನು ಕೇಳಿದ್ದನ್ನು ಹೇಳಿದರು: ಒಂದು ನಾಡಿನಲ್ಲಿ ಆ ರೋಗವಿದೆಯೆಂದು ಕೇಳಿದರೆ ಅಲ್ಲಿಗೆ ಹೋಗಬೇಡಿ, ನೀವಿರುವ ನಾಡಿನಲ್ಲಿ ಬಂದರೆ ಅದರಿಂದ ಓಡಿ ಹೊರಬರಬೇಡಿ.

ಈಗ ನೋಡಿ. ಆ ಮಾತಿಗೆ ಎರಡು ಭಾಗಗಳಿವೆ. ಹೊರಗಿದ್ದ ಉಮರ್ ಮೊದಲ ಭಾಗವನ್ನು ಪಾಲಿಸಿ ಮರಳಿದರು. ಒಳಗಿದ್ದ ಅಬೂ ಉಬೈದಾ ಎರಡನೆಯ ಭಾಗವನ್ನು ಪಾಲಿಸಿ ತನ್ನ ಸೈನ್ಯಕ್ಕೆ ವಾಪಸಾದರು. ನಿಮ್ಮ ‘ಆದರೆ’ ಇದರಲ್ಲಿ ಎಲ್ಲಿ ಕೂರುತ್ತದೆ? ಒಬ್ಬರದ್ದು ಧೈರ್ಯ, ಇನ್ನೊಬ್ಬರದ್ದು ಭಯ ಎಂಬ ಲೆಕ್ಕವೇ ಇಲ್ಲಿಲ್ಲ.

ಓದುಗರಿಗೆ ಗೊಂದಲವಾಗುತ್ತದೆ ಎಂದಿರಿ. 2020ರಲ್ಲಿ ಕೊರೋನಾ ಬಂದು ನಮ್ಮ ಮಸೀದಿಗಳ ಬಾಗಿಲು ಮುಚ್ಚಿದಾಗ ಎಷ್ಟು ಮಂದಿ ಅಬೂ ಉಬೈದಾರ ಪ್ರಶ್ನೆಯನ್ನೇ ನಮ್ಮ ಕಚೇರಿಗೆ ಬರೆದು ಕೇಳಿದ್ದರು ಗೊತ್ತೇ? ಅದು ಅವಿಶ್ವಾಸಿಗಳ ಪ್ರಶ್ನೆಯಾಗಿರಲಿಲ್ಲ, ವಿಶ್ವಾಸವಿದ್ದವರ ಸಂಕಟವಾಗಿತ್ತು. ಅದನ್ನು ಮೊದಲು ಕೇಳಿದವರು ಸಮುದಾಯದ ವಿಶ್ವಸ್ತರೇ ಎಂದು ತಿಳಿದಿದ್ದರೆ ಅವರಿಗೆ ಎಷ್ಟು ಸಮಾಧಾನವಾಗುತ್ತಿತ್ತು!

ಸರ್ಗ್ ಇಲ್ಲದೆ ಮುಂದಿನ ಕಾಗದದ ಪ್ರಸಂಗವೂ ನಿಲ್ಲುವುದಿಲ್ಲ. ಮದೀನದಿಂದ ಉಮರ್ ಬರೆದರು: ನಿಮ್ಮಿಂದ ನನಗೊಂದು ಕೆಲಸವಾಗಬೇಕಿದೆ, ಈ ಕಾಗದ ನೋಡಿದ ಕೂಡಲೇ ಹೊರಟು ಬನ್ನಿ. ಅಬೂ ಉಬೈದಾರಿಗೆ ತಕ್ಷಣ ಅರ್ಥವಾಯಿತು, ಉಳಿಯದವನನ್ನು ಉಳಿಸಿಕೊಳ್ಳಲು ಅಮೀರರು ಬಯಸುತ್ತಿದ್ದಾರೆ ಎಂದರು. ಸೈನ್ಯವನ್ನು ಬಿಟ್ಟು ಬರಲಾರೆ, ನನ್ನನ್ನು ಈ ಆಜ್ಞೆಯಿಂದ ಬಿಡುಗಡೆ ಮಾಡಿ ಎಂದು ಉತ್ತರ ಬರೆದರು. ಅದನ್ನು ಓದಿ ಉಮರ್ ಅತ್ತರು. ಅಬೂ ಉಬೈದಾ ತೀರಿಕೊಂಡರೇ ಎಂದು ಸುತ್ತಲಿದ್ದವರು ಕೇಳಿದರು. ‘ಇಲ್ಲ, ಆದರೆ ತೀರಿಕೊಂಡಂತೆಯೇ’ ಎಂದರು. ಸರ್ಗ್‌ನಲ್ಲಿ ಅಷ್ಟು ಗಟ್ಟಿಯಾಗಿ ವಾದಿಸಿದ ಅದೇ ಉಮರ್ ಇಲ್ಲಿ ಒಬ್ಬ ಸ್ನೇಹಿತನಿಗಾಗಿ ಉಪಾಯ ಹೂಡುತ್ತಾರೆ, ಸೋಲುತ್ತಾರೆ. ನೀವು ಇದಕ್ಕೆ ಎರಡು ಸಾಲು ಕೊಟ್ಟಿದ್ದೀರಿ. ಯರ್ಮೂಕ್‌ಗೆ ನಾಲ್ಕು ಪುಟ.

ಕೊನೆಯದಾಗಿ, ‘ನಗುನಗುತ್ತಾ ಮರಣವನ್ನು ಆಲಂಗಿಸಿದರು’ ಎಂಬ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಉಮರ್ ಎರಡನೆಯ ಕಾಗದ ಬರೆದು, ತಗ್ಗಿನ ತೇವದ ಜಾಗದಿಂದ ಜನರನ್ನು ಎತ್ತರದ ಒಳ್ಳೆಯ ಗಾಳಿಯ ಕಡೆಗೆ ಕರೆದೊಯ್ಯಿರಿ ಎಂದರು. ಅಬೂ ಉಬೈದಾ ಒಪ್ಪಿದರು, ಒಂಟೆ ಸಿದ್ಧಮಾಡಿಸಿದರು. ಹತ್ತಲು ಕಾಲಿಡುವ ರಿಕಾಬಿಗೆ ಕಾಲಿಡುತ್ತಿದ್ದಾಗಲೇ ರೋಗ ತಟ್ಟಿದ್ದು ಅವರಿಗೆ ಗೊತ್ತಾಯಿತು ಎಂದು ತಬರಿಯವರ ಇತಿಹಾಸದಲ್ಲಿದೆ. ಅವರು ಸಾವನ್ನು ಕಾಯುತ್ತಾ ಕುಳಿತಿರಲಿಲ್ಲ, ಜನರನ್ನು ಬದುಕಿಸಲು ಹೊರಟಿದ್ದರು. ಲೇಖನವನ್ನು ರಿಕಾಬಿನ ಮೇಲಿಟ್ಟ ಆ ಕಾಲಿನ ಹತ್ತಿರವೇ ಮುಗಿಸಿ. ಅನಂತರದ ಒಂದೂವರೆ ಪುಟದ ಉಪದೇಶ ಬೇಡ.

ನಾಲ್ಕನೆಯ ಪುಟವನ್ನೂ, ಹದಿಮೂರರಿಂದ ಹದಿನಾರರವರೆಗಿನ ಪುಟಗಳನ್ನೂ ಹೊಸದಾಗಿ ಬರೆದು ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿ. ಜಾಗ ಕಾದಿರಿಸಿದ್ದೇನೆ. ಖರ್ಜೂರದ ಪುಟದಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ನಿಮ್ಮ,
ಸಂಪಾದಕ