ರಾಯಭಾರ ಕಚೇರಿಯಲ್ಲಿ ವ್ಯಾಪಾರ ನೋಡಿಕೊಳ್ಳುವ ಅಧಿಕಾರಿ ಆಗೋದು ಹೇಗೆ? ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಒಂದೇ ದಾರಿಯಾ?

ನೀವು ಬಿ.ಕಾಂ ಕೊನೆ ವರ್ಷದಲ್ಲಿದ್ದೀರಿ. ಹೊರದೇಶದಲ್ಲಿ ಕೂತು ನಮ್ಮ ಸರಕಿಗೆ ಗಿರಾಕಿ ಹುಡುಕುವ ಸರ್ಕಾರಿ ಕೆಲಸ ಬೇಕು, ಆ ಕೆಲಸ ನಿಜವಾಗಿ ಹೇಗಿರುತ್ತದೆ ಅಂತಲೂ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಧಿಕಾರಿಯಲ್ಲ. ಅವರ ಮೇಜಿನ ಈಚೆ ಕಡೆ ಕೂತವನು. ತುಮಕೂರು ಕಡೆಯ ಒಂದು ಮಿಡಿಸೌತೆ ರಫ್ತು ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದೆ. ಮಿಡಿಸೌತೆ ಅಂದರೆ ಗರ್ಕಿನ್, ಬರ್ಗರ್ ಒಳಗೆ ಹುಳಿಹುಳಿಯಾಗಿ ಸಿಗುತ್ತದಲ್ಲ, ಅದು. ನಮ್ಮಲ್ಲಿ ಬೆಳೆಯುವವರು ಬೇಕಾದಷ್ಟು ಜನ, ತಿನ್ನುವವರು ಇಲ್ಲವೇ ಇಲ್ಲ ಅನ್ನಬಹುದು. 2020-21ರಲ್ಲಿ ಸೌತೆ, ಮಿಡಿಸೌತೆ ಸೇರಿ ಭಾರತದಿಂದ 2,23,000 ಟನ್‌ಗೂ ಜಾಸ್ತಿ ಹೊರಗೆ ಹೋಯಿತು. ಹೊರಗಿನವರು ಕೊಳ್ಳದಿದ್ದರೆ ಅದು ದನಕ್ಕೆ. ಹಾಗಾಗಿ ನಮ್ಮ ರಾಯಭಾರ ಕಚೇರಿಗಳ ವಾಣಿಜ್ಯ ವಿಭಾಗಕ್ಕೆ ನಾನು ಹಾಕಿದ ಮೇಲ್, ಮಾಡಿದ ಫೋನ್ ಲೆಕ್ಕವಿಲ್ಲ.

ಜರ್ಮನಿಯ ಕೊಲೋನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಅನುಗ ಅನ್ನುವ ದೊಡ್ಡ ಆಹಾರ ಮೇಳ ನಡೆಯುತ್ತದೆ. ಕೃಷಿ ಸರಕಿನ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೆಡಾದವರು ಹಾಕಿಸುವ ಮಳಿಗೆಗಳಲ್ಲಿ ನಮ್ಮದೂ ಒಂದು ಇತ್ತು. ಮೊದಲ ದಿನ ದೀಪ ಹಚ್ಚುವುದು, ಹೂಗುಚ್ಛ, ಗ್ರೂಪ್ ಫೋಟೊ. ಟ್ವಿಟರ್‌ನಲ್ಲಿ ನೀವು ನೋಡುವುದು ಇದನ್ನೇ. ನನಗೆ ನೆನಪಿರುವುದು ಮೂರನೇ ದಿನದ ಸಂಜೆ. ಕಾಲು ಸೋತು ಸ್ಯಾಂಪಲ್ ಪೆಟ್ಟಿಗೆ ಮೇಲೆ ಕೂತಿದ್ದೆ. ವಾಣಿಜ್ಯ ವಿಭಾಗದ ಸೆಕೆಂಡ್ ಸೆಕ್ರೆಟರಿ ಒಬ್ಬರು ಒಬ್ಬರೇ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲೊಂದು ನೋಟ್‌ಬುಕ್. ಎಷ್ಟು ಆರ್ಡರ್ ಬಂತು ಅಂತ ಎಲ್ಲರೂ ಕೇಳುತ್ತಾರೆ. ಇವರು ಕೇಳಿದ್ದು, "ಬೇಡ ಅಂದವರು ಯಾರು? ಯಾಕೆ ಬೇಡ ಅಂದರು?"

ಬಾಟಲಿಯಿಂದ ಒಂದು ಕಾಯಿ ತೆಗೆದು ಕಚ್ಚಿದರು. ಮುಖ ಹಿಂಡಿಹೋಯಿತು, ಆದರೂ ಪೂರ್ತಿ ತಿಂದರು. ಆಮೇಲೆ ಕೆಜಿಗೆ ಎಷ್ಟು ಕಾಯಿ ಅನ್ನುವುದರ ಮೇಲೆ ದರ ಹೇಗೆ ನಿಲ್ಲುತ್ತದೆ ಅಂತ ಕೇಳಿದರು. ಕೆಜಿಗೆ 160ಕ್ಕಿಂತ ಜಾಸ್ತಿ ಬಂದರೆ ಒಳ್ಳೆ ದರ, ಕಾಯಿ ದಪ್ಪ ಆದಂತೆಲ್ಲ ದರ ಇಳಿಯುತ್ತದೆ. ಬಳ್ಳಿಯಲ್ಲಿ ಒಂದು ದಿನ ಹೆಚ್ಚಿಗೆ ನಿಂತರೂ ಗ್ರೇಡ್ ಹೋಯಿತು. ಅದನ್ನೂ ಬರೆದುಕೊಂಡರು. ಆರು ವಾರದ ಮೇಲೆ ಅವರ ಮೇಲ್ ಬಂತು: ಬೇಡ ಅಂದಿದ್ದ ಒಬ್ಬರು ಸಣ್ಣ ಗ್ರೇಡ್‌ನ ಸ್ಯಾಂಪಲ್ ಕೇಳುತ್ತಿದ್ದಾರೆ, ಬೇಗ ಕಳಿಸಿ. ನನ್ನ ಕೇಳಿದರೆ ಆ ಕೆಲಸ ಅಂದರೆ ಇದೇ. ಪಾರ್ಟಿ, ಸೂಟು ಎಲ್ಲ ಆಮೇಲೆ.

ಇನ್ನೊಂದು ಸಲ, ಬೇರೆ ದೇಶದ ಬಂದರಿನಲ್ಲಿ ನಮ್ಮ ಕಂಟೇನರ್ ಸಿಕ್ಕಿಹಾಕಿಕೊಂಡಿತು. ದಿನಕ್ಕಿಷ್ಟು ಅಂತ ಡೆಮರೇಜ್, ಅಂದರೆ ಸರಕು ಬಿಡಿಸದೆ ನಿಂತದ್ದಕ್ಕೆ ಕಟ್ಟುವ ದಂಡ, ಏರುತ್ತಿತ್ತು. ಗುರುತಿದ್ದ ಅಧಿಕಾರಿಗೆ ಫೋನ್ ಮಾಡಿದರೆ ಅವರಿಗೆ ವರ್ಗ ಆಗಿತ್ತು, ಹೊಸಬರು ಇನ್ನೂ ಬಂದಿರಲಿಲ್ಲ. ಫೋನ್ ಎತ್ತಿದ್ದು ಅಲ್ಲಿನ ಮಾರ್ಕೆಟಿಂಗ್ ಅಸಿಸ್ಟೆಂಟ್. ಆ ಊರಿನವರೇ, ವರ್ಷಗಟ್ಟಲೆಯಿಂದ ಅದೇ ಕುರ್ಚಿ. ಕಸ್ಟಮ್ಸ್‌ನಲ್ಲಿ ಯಾರನ್ನು ಕೇಳಬೇಕು ಅನ್ನುವುದು ಅವರಿಗೆ ಬಾಯಿಪಾಠ. ಮಧ್ಯಾಹ್ನದ ಹೊತ್ತಿಗೆ ವಾಪಸ್ ಫೋನ್ ಬಂತು. ತಪ್ಪು ನಮ್ಮದೇ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಲಾಟ್ ನಂಬರ್ 417, ಡ್ರಮ್ಮಿನ ಮೇಲೆ 471. ಟೈಪ್ ಮಾಡಿದ್ದು ಯಾರು ಅಂತ ಕೇಳಬೇಡಿ. ರಾಯಭಾರಿಗಳ ಪತ್ರ, ಮೇಲಿನವರ ಮಾತುಕತೆ ಯಾವುದೂ ಬೇಕಾಗಲಿಲ್ಲ. ಅಧಿಕಾರಿಗಳು ಸಾಮಾನ್ಯವಾಗಿ ಮೂರು ವರ್ಷಕ್ಕೆ ಬೇರೆ ದೇಶಕ್ಕೆ ಹೋಗುತ್ತಾರೆ. ಕಚೇರಿಯ ನೆನಪೆಲ್ಲ ಇರುವುದು ಇಂಥವರ ತಲೆಯಲ್ಲಿ.

ಈಗ ದಾರಿಯ ವಿಷಯ. ಐಎಫ್‌ಎಸ್‌ಗೆ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆ. ಸಾಮಾನ್ಯ ವರ್ಗಕ್ಕೆ 21ರಿಂದ 32 ವಯಸ್ಸು, ಆರು ಅವಕಾಶ. ಮೇನ್ಸ್ ಕನ್ನಡದಲ್ಲೇ ಬರೆಯಬಹುದು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆಯ್ಕೆಯಾದರೆ ಮಸ್ಸೂರಿ, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ಒಂದು ವಿದೇಶಿ ಭಾಷೆ ಕಲಿಯಲೇಬೇಕು. ರಾಯಭಾರ ಕಚೇರಿಗೆ ಥರ್ಡ್ ಸೆಕ್ರೆಟರಿ (ಮೊದಲ ಮೆಟ್ಟಿಲಿನ ಹುದ್ದೆ) ಅಂತ ಹೋಗಿ, ಆ ಭಾಷೆಯ ಪರೀಕ್ಷೆ ಪಾಸಾದ ಮೇಲೇ ಕೆಲಸ ಕಾಯಂ. ಮೂಲ ವೇತನ 7ನೇ ವೇತನ ಆಯೋಗದ ಪ್ರಕಾರ 56,100 ರೂಪಾಯಿಂದ ಶುರು. ಹೊರದೇಶದಲ್ಲಿ ಇರುವಷ್ಟು ದಿನ ವಿದೇಶ ಭತ್ಯೆ ಬೇರೆ.

ಆದರೆ ಒಂದು ತೊಡಕಿದೆ. ಐಎಫ್‌ಎಸ್ ಸೇರಿದರೆ ವ್ಯಾಪಾರದ ಕೆಲಸವೇ ಸಿಗುತ್ತದೆ ಅಂತ ಇಲ್ಲ. ಒಂದು ಊರಿನಲ್ಲಿ ವೀಸಾ, ಮುಂದಿನ ಊರಿನಲ್ಲಿ ರಾಜಕೀಯ ವರದಿ, ಆಮೇಲೆ ದೆಹಲಿಯಲ್ಲಿ ಫೈಲು. ಎಲ್ಲವನ್ನೂ ಮಾಡುವ ಖುಷಿ ಇದ್ದವರಿಗೆ ಅದು ಸರಿ. ನಿಮಗೆ ವ್ಯಾಪಾರವೇ ಬೇಕು ಅಂದರೆ ಇಂಡಿಯನ್ ಟ್ರೇಡ್ ಸರ್ವಿಸ್ ನೋಡಿ. ಪರೀಕ್ಷೆ ಅದೇ, ಸೀಟು ತೀರಾ ಕಡಿಮೆ. ಸೇರುವುದು ವಾಣಿಜ್ಯ ಸಚಿವಾಲಯದ ಡಿಜಿಎಫ್‌ಟಿಗೆ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ. ರಫ್ತು ಮಾಡುವವರಿಗೆ ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್ ನಂಬರ್) ಕೊಡುವುದು, ಸ್ಕೀಮ್‌ಗಳ ಲೈಸೆನ್ಸ್ ನೋಡುವುದು ಇವರೇ. ಬೆಂಗಳೂರಿನಲ್ಲಿ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಅವರ ಕಚೇರಿ ಇದೆ. ಹೊರದೇಶದ ಫೋಟೊ ಕಡಿಮೆ ಸಿಗುತ್ತದೆ, ಸರಕಿನ ಜ್ಞಾನ ಜಾಸ್ತಿ ಸಿಗುತ್ತದೆ.

ಮೂರನೇ ದಾರಿ ಬೆಂಗಳೂರಿನಲ್ಲೇ ಇದೆ, ಪರೀಕ್ಷೆಯೂ ಬೇಡ. ಜಪಾನಿನ ಸರ್ಕಾರಿ ವ್ಯಾಪಾರ ಸಂಸ್ಥೆ ಜೆಟ್ರೊ, ಕೊರಿಯಾದ ಅಂಥದ್ದೇ ಸಂಸ್ಥೆ ಕೋಟ್ರಾ, ಅಮೆರಿಕದ ಕಮರ್ಷಿಯಲ್ ಸರ್ವಿಸ್, ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್‌ನ ವ್ಯಾಪಾರ ವಿಭಾಗ ಎಲ್ಲಕ್ಕೂ ಇಲ್ಲಿ ಕಚೇರಿ ಇದೆ, ಎಲ್ಲರೂ ಇಲ್ಲಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಆ ಮಾರ್ಕೆಟಿಂಗ್ ಅಸಿಸ್ಟೆಂಟ್ ನಮಗೆ ಮಾಡಿದ್ದನ್ನೇ ನೀವು ಇಲ್ಲಿ ಅವರ ಕಂಪನಿಗಳಿಗೆ ಮಾಡುತ್ತೀರಿ. ನಮ್ಮ ಸರಕು ಮಾರುವ ಬದಲು ಅವರ ಸರಕಿಗೆ ಇಲ್ಲಿ ಗಿರಾಕಿ ಹುಡುಕಬೇಕು. ಕೆಲವರಿಗೆ ಇದು ಮನಸ್ಸಿಗೆ ಒಗ್ಗುವುದಿಲ್ಲ. ನನಗೇನೂ ತಪ್ಪು ಅನ್ನಿಸಿಲ್ಲ, ಆದರೆ ಮೇಲೇರುವ ಮೆಟ್ಟಿಲು ಬೇಗ ಮುಗಿಯುತ್ತದೆ ಅನ್ನುವುದು ನಿಜ.

ಡಿಗ್ರಿ ಮುಗಿದ ಕೂಡಲೇ ಕೋಚಿಂಗ್‌ಗೆ ದುಡ್ಡು ಸುರಿಯಬೇಡಿ. ಒಂದು ವರ್ಷ ಯಾವುದಾದರೂ ರಫ್ತು ಕಂಪನಿಯ ಡಾಕ್ಯುಮೆಂಟೇಶನ್ ಸೀಟ್‌ನಲ್ಲಿ ಕೂತು ನೋಡಿ. ಸಂಬಳ ಅಷ್ಟಕ್ಕಷ್ಟೇ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಬಿ.ಎಲ್. (ಹಡಗಿನವರು ಕೊಡುವ ಸರಕಿನ ರಸೀದಿ) ಎಲ್ಲ ಕೈಗೆ ಬರುತ್ತದೆ. ಮಿಡಿಸೌತೆಯನ್ನು ಉಪ್ಪುನೀರಿನ ಡ್ರಮ್ಮಿನಲ್ಲಿ ಕಳಿಸಿದರೆ ಸುಂಕಕ್ಕಾಗಿ ಸರಕು ವಿಂಗಡಿಸುವ ಎಚ್‌ಎಸ್ ಕೋಡ್ 0711ರಲ್ಲಿ, ವಿನೆಗರ್ ಹಾಕಿ ಬಾಟಲಿ ಮಾಡಿದರೆ 2001ರಲ್ಲಿ. ಕಾಯಿ ಅದೇ, ಕೋಡ್ ಬದಲಾದರೆ ಸುಂಕವೂ ಬದಲಾಗಬಹುದು. ಇಂಥದ್ದನ್ನು ವರ್ಷವಿಡೀ ನೋಡಿದ ಮೇಲೂ ಆಕಳಿಕೆ ಬರದಿದ್ದರೆ ಯುಪಿಎಸ್‌ಸಿ ಅರ್ಜಿಯಲ್ಲಿ ಟ್ರೇಡ್ ಸರ್ವಿಸನ್ನು ಮೇಲೆ ಹಾಕಿ. ಆಕಳಿಕೆ ಬಂದರೆ ಐಎಫ್‌ಎಸ್ ಹಾಕಿ, ಅಲ್ಲಿ ಮೂರು ವರ್ಷಕ್ಕೆ ಕೆಲಸವಾದರೂ ಬದಲಾಗುತ್ತದೆ.